ಕುಲ ಅಂದ್ರೇನು? ಅಡಿಕೆ ಮರದ ಮೇಲೆ ಕೂತ ಪತಂಗದಿಂದ ಶುರು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟಕ್ಕೆ ಹೋದರೆ ಮರದ ಮೈಮೇಲೆ ಬೂದಿ, ಬಿಳಿ, ತಿಳಿಹಸಿರು ತೇಪೆಗಳು ಕಾಣುತ್ತವಲ್ಲ, ಅದೇ ಲೈಕೆನ್. ಶಿಲೀಂಧ್ರವೂ ಪಾಚಿಯೂ ಕೂಡಿ ಸಂಸಾರ ಹೂಡಿದ ಜೀವ. ಮಸಾಲೆಗೆ ಹಾಕುವ ಕಲ್ಲುಹೂವೂ ಇದರ ಬಳಗವೇ.

ಅಂಥ ತೇಪೆಯ ಮೇಲೆ ಕೂತ ಪತಂಗವೊಂದು ಹಾರುವ ತನಕ ನನಗೆ ಕಂಡೇ ಇರಲಿಲ್ಲ. ರೆಕ್ಕೆ ತುಂಬಾ ಅದೇ ಬೂದಿ-ಹಸಿರು. ಓಹೋ, ಇದು ಲೈಕೆನ್ ಪತಂಗಗಳ ಕುಲ ಅಂದುಕೊಂಡೆ. ತಪ್ಪು.

ಜೀವಶಾಸ್ತ್ರದಲ್ಲಿ ಕುಲ (ಜೀನಸ್) ಅಂದರೆ ಹತ್ತಿರದ ಸಂಬಂಧವಿರುವ ಪ್ರಭೇದಗಳ (ಸ್ಪೀಶೀಸ್) ಗುಂಪು. ಕೆಲವು ಪುಸ್ತಕಗಳಲ್ಲಿ ಇದನ್ನೇ ಜಾತಿ ಅಂತಲೂ ಬರೆಯುತ್ತಾರೆ, ಗೊಂದಲ ಬೇಡ. ನಮ್ಮಲ್ಲಿ ಮೇಲಿನಮನೆ ರಾಮಣ್ಣ, ಮೇಲಿನಮನೆ ಶೀನಣ್ಣ ಅಂತ ಮನೆ ಹೆಸರು ಮೊದಲು ಬರುತ್ತದೆ ಅಲ್ವಾ? ಸಯಾನ ಪುಯೆಲ್ಲ ಅಂತ ಒಂದು ಪತಂಗದ ವೈಜ್ಞಾನಿಕ ಹೆಸರು ಹೇಳುವಾಗ ಸಯಾನ ಅನ್ನುವ ಕುಲವೇ ಆ ಮನೆ ಹೆಸರು. ಆದರೆ ಒಂದೇ ಬಣ್ಣದ ಅಂಗಿ ಹಾಕಿದವರೆಲ್ಲ ಒಂದೇ ಮನೆಯವರಾಗುವುದಿಲ್ಲ. ಲೈಕೆನ್ ಚಿತ್ತಾರವೂ ಅಂಗಿಯೇ. ಹಕ್ಕಿಯ ಕಣ್ಣು ತಪ್ಪಿಸಲು ಬೇರೆಬೇರೆ ಕುಟುಂಬದ ಪತಂಗಗಳು ಅದನ್ನೇ ತೊಟ್ಟಿವೆ.

ಇಂಗ್ಲೆಂಡಿನ ಬಿಸ್ಟನ್ ಬೆಟುಲೇರಿಯ ಅನ್ನುವ ಪತಂಗ ಲೈಕೆನ್ ಹಿಡಿದ ತೊಗಟೆಯ ಮೇಲೆ ಕೂತರೆ ಕಾಣುವುದೇ ಕಷ್ಟ, ಆದರೆ ಅದರ ಹುಳು ತಿನ್ನುವುದು ಎಲೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಸಯಾನ ಕುಲದ ಕಥೆ ಇದಕ್ಕೆ ಉಲ್ಟಾ. ಇವುಗಳ ಹುಳುಗಳು ಲೈಕೆನ್ ಕೆರೆದು ತಿನ್ನುತ್ತವೆ, ಪತಂಗಗಳಲ್ಲಿ ಬಹಳಷ್ಟು ಬಿಳಿ ರೆಕ್ಕೆಗೆ ಕೆಂಪು ಗೆರೆ ಎಳೆದುಕೊಂಡು ಎದ್ದು ಕಾಣುತ್ತವೆ! ಲೈಕೆನ್ ತಿಂದು ಲೈಕೆನ್ನಿನಂತೆಯೇ ಕಾಣುವುವೂ ಇವೆ, ಯುರೋಪಿನ ಬ್ರಯೋಫಿಲ ಕುಲದವು ಹಾಗೆ. ಆ ಹೆಸರಿನ ಅರ್ಥ ಮಾತ್ರ ಲೈಕೆನ್‌ಪ್ರಿಯ ಅಲ್ಲ, ಹಾವಸೆಪ್ರಿಯ (ಹಾವಸೆ ಅಂದರೆ ಇಲ್ಲಿ ಮಾಸ್). ಹೆಸರಿಟ್ಟವರನ್ನು ಏನನ್ನೋಣ.

ಹಾಗಾದರೆ ಕುಲವನ್ನು ಗುರುತಿಸುವುದು ಹೇಗೆ? ರೆಕ್ಕೆಯ ನರಗಳು ಎಲ್ಲಿ ಕವಲೊಡೆಯುತ್ತವೆ, ಮೀಸೆ ಎಳೆಯಂತಿದೆಯೋ ಬಾಚಣಿಗೆಯಂತಿದೆಯೋ ನೋಡುತ್ತಾರೆ. ಸಯಾನ ಸೇರಿದ ಲಿಥೋಸಿನಿ ಬಳಗದ ಹುಳುಗಳ ದವಡೆಯಲ್ಲಿ ಅರೆಯುವ ಹಲ್ಲಿನಂಥ ಉಬ್ಬು ಇರುತ್ತದೆ, ಅದು ಬಳಗದ ಒಳ್ಳೆಯ ಗುರುತು. ಸಯಾನದ್ದು ಇನ್ನೂ ಚಂದ: ಕೋಶವಾಗುವ ಮೊದಲು ಹುಳು ತನ್ನ ಮೈಕೂದಲನ್ನೇ ಕಿತ್ತು ಪಂಜರ ಹೆಣೆದು ಅದರೊಳಗೆ ತೂಗಾಡುತ್ತದೆ. ಒಮ್ಮೆ ಆ ಬಲೆಬಲೆಯ ಗೂಡು ನೋಡಿದರೆ ಮರೆಯುವುದಿಲ್ಲ. ಇಷ್ಟಕ್ಕೂ ತೀರ್ಮಾನವಾಗದಿದ್ದರೆ ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಬೇಕು, ಈಗೀಗ ಡಿಎನ್ಎ ಕೂಡ.

ಇದರಿಂದಾಗಿ ಹೆಸರು ಬದಲಾಗುತ್ತಲೂ ಇರುತ್ತದೆ. ಸಯಾನ ಕುಲವನ್ನು ಇಂಗ್ಲೆಂಡಿನ ಕೀಟತಜ್ಞ ವಾಕರ್ 1854ರಲ್ಲಿ ಹೆಸರಿಸಿದ. ಬೈಝೋನ್, ಕಯೋನೀಮ ಅಂತ ಹಳೆ ಪುಸ್ತಕಗಳಲ್ಲಿದ್ದ ಕುಲಗಳೆಲ್ಲ ಈಗ ಅದರೊಳಗೇ ಸೇರಿಹೋಗಿವೆ. ಹಳೆ ಪುಸ್ತಕ ಹಿಡಿದು ಹುಡುಕುವವರು ಸ್ವಲ್ಪ ಎಚ್ಚರ.

ಮಳೆ ಬಿಟ್ಟ ರಾತ್ರಿ ಜಗಲಿ ದೀಪದ ಹತ್ತಿರ ಪತಂಗ ಕೂತರೆ ಬೆನ್ನಿನ ಫೋಟೋ ಒಂದೇ ತೆಗೆದು ಸುಮ್ನಾಗಬೇಡಿ. ಮೀಸೆ ಕಾಣುವ ಹಾಗೆ ಪಕ್ಕದಿಂದಲೂ ತೆಗೆಯಿರಿ, ಗಾಜಿನ ಮೇಲಿದ್ದರೆ ಹೊಟ್ಟೆಯ ಕಡೆಯಿಂದಲೂ. ಅಷ್ಟಾದರೂ ಎಷ್ಟೋ ಸಲ ತಿಳಿದವರಿಂದ "ಸಯಾನ ಎಸ್‌ಪಿ" ಅನ್ನುವ ಉತ್ತರವೇ ಬರುತ್ತದೆ. ಎಸ್‌ಪಿ ಅಂದರೆ ಸ್ಪೀಶೀಸ್, ಪ್ರಭೇದ. ಮನೆ ಗೊತ್ತಾಯಿತು, ಯಾರು ಅಂತ ಗೊತ್ತಾಗಲಿಲ್ಲ ಅಂತ ಅದರರ್ಥ.