ಡೇಟಾದ ಹೊಣೆ ಯಾರದೆಂದು ಕಂಪ್ಯೂಟರ್ ವಿಭಾಗವನ್ನು ಕೇಳಬೇಡಿ

ಡೇಟಾ ಗವರ್ನೆನ್ಸ್ ಆರ್ಕಿಟೆಕ್ಟ್ ಆಗಿ ಯಾವ ದೊಡ್ಡ ಸಂಸ್ಥೆಗೆ ಹೋದರೂ ಮೊದಲ ಸಭೆಯಲ್ಲೇ ನನಗೆ ಬರುವ ಕೋರಿಕೆ ಒಂದೇ: ‘ನಮ್ಮ ಡೇಟಾ ಪೂರ್ತಿ ಗೋಜಲಾಗಿದೆ, ಕಂಪ್ಯೂಟರ್ ವಿಭಾಗದವರ ಜೊತೆ ಕೂತು ಸರಿಮಾಡಿಕೊಡಿ.’ ಹೀಗೆನ್ನುವವರು ದಡ್ಡರಲ್ಲ. ಸಾಲದ ಕಡತದಲ್ಲಿ ಒಂದು ಸಹಿ ತಪ್ಪಿದ್ದರೆ ಅದು ಯಾರ ಹೊಣೆಯೆಂದು ಕೂತಲ್ಲೇ ಹೇಳಬಲ್ಲವರು, ಅದೇ ಸಾಲಗಾರರ ಮೊಬೈಲ್ ಸಂಖ್ಯೆ ತಪ್ಪಿದ್ದರೆ ಮಾತ್ರ ಸರ್ವರ್ ಕೋಣೆಯ ಕಡೆ ಬೆರಳು ತೋರಿಸುತ್ತಾರೆ.

ಯಾವ ಮಾಹಿತಿ ಎಲ್ಲಿ ಹುಟ್ಟುತ್ತದೆ, ಎಲ್ಲೆಲ್ಲಿಗೆ ಹೋಗುತ್ತದೆ, ಅದನ್ನು ತಿದ್ದುವ ಮತ್ತು ಅಳಿಸುವ ಅಧಿಕಾರ ಯಾರಿಗಿದೆ, ಎರಡು ವಿಭಾಗಗಳು ಒಪ್ಪದಿದ್ದರೆ ತೀರ್ಮಾನ ಯಾರದು ಎಂಬ ವ್ಯವಸ್ಥೆಯನ್ನು ರೂಪಿಸುವುದು ನನ್ನ ಕೆಲಸ. ಆ ತೀರ್ಮಾನಗಳನ್ನು ನಾನೇ ಕೈಗೊಳ್ಳುವುದಲ್ಲ, ಕಂಪ್ಯೂಟರ್ ವಿಭಾಗದವರು ಕೈಗೊಳ್ಳುವುದಂತೂ ಅಲ್ಲವೇ ಅಲ್ಲ. ಶಿವಮೊಗ್ಗದ ಅಡಕೆ ಮಂಡಿಯಲ್ಲಿ ತೂಕದ ಯಂತ್ರ ರಿಪೇರಿ ಮಾಡುವವರನ್ನು ಕರೆದು, ಚೀಲದಲ್ಲಿರುವುದು ರಾಶಿ ಬಗೆಯ ಅಡಕೆಯೋ ಬೆಟ್ಟೆ ಬಗೆಯದೋ ಎಂದು ಯಾರೂ ಕೇಳುವುದಿಲ್ಲ. ಡೇಟಾ ವಿಚಾರದಲ್ಲಿ ನಾವು ದಿನವೂ ಕೇಳುತ್ತಿರುವುದು ಅದನ್ನೇ.

ಸದಸ್ಯರ ಅಡಕೆ ವ್ಯಾಪಾರವನ್ನೂ ಸಾಲವನ್ನೂ ನೋಡಿಕೊಳ್ಳುವ ಮಲೆನಾಡಿನ ಒಂದು ಸಹಕಾರ ಸಂಸ್ಥೆಯಲ್ಲಿ, ಹೆಸರು ಬೇಡ, ಸಾಲದ ಕಂತಿನ ಎಸ್ಸೆಮ್ಮೆಸ್ಸುಗಳು ಸಾಲಗಾರರಿಗೆ ತಲುಪುತ್ತಿಲ್ಲವೆಂಬ ದೂರಿತ್ತು. ಹುಡುಕುತ್ತಾ ಹೋದರೆ, ತೀರ್ಥಹಳ್ಳಿ ಕಡೆಯ ಒಂದು ಶಾಖೆಯಲ್ಲಿ ಹಲವಾರು ಸದಸ್ಯರ ಹೆಸರಿನ ಮುಂದೆ ಇದ್ದದ್ದು ಅಡಕೆ ತೂಗಿಸಿಕೊಳ್ಳುವ ಗುಮಾಸ್ತರದೇ ಸಂಖ್ಯೆ. ಕೇಳಿದೆ. ‘ನಂಬರ್ ಹಾಕ್ದೆ ಇದ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ ಮಾರಾಯ್ರೆ, ಹೊರಗೆ ಗಾಡಿ ಸಾಲು ನಿಂತಿರುತ್ತೆ. ಅವರ ಮನೆ ಹತ್ರ ಸಿಗ್ನಲ್ಲೇ ಇಲ್ಲ, ಏನು ಬರೀಲಿ?’ ಎಂದರು. ಆ ಮನುಷ್ಯ ಕಂತಿನ ನೆನಪೋಲೆಗಳನ್ನೆಲ್ಲ ತಾವೇ ಓದಿ, ಸಂತೆಯ ದಿನ ಸಿಕ್ಕವರಿಗೆ ಬಾಯಲ್ಲಿ ಹೇಳುತ್ತಿದ್ದರು. ಕೆಲಸದ ಮಟ್ಟಿಗೆ ಇದಕ್ಕಿಂತ ನಿಷ್ಠೆ ಬೇಕಿಲ್ಲ. ಆದರೆ ಒಬ್ಬರ ಸಾಲದ ವಿವರ ಇನ್ನೊಬ್ಬರ ಜೇಬಿಗೆ ಬರುತ್ತಿತ್ತು ಎಂಬುದೂ ಸುಳ್ಳಲ್ಲ.

ತಪ್ಪು ತಂತ್ರಾಂಶದಲ್ಲಿ ಇರಲಿಲ್ಲ, ಗುಮಾಸ್ತರಲ್ಲೂ ಇರಲಿಲ್ಲ. ಖರೀದಿ ವಿಭಾಗಕ್ಕೆ ಬೇಕಿದ್ದದ್ದು ‘ನಿಮ್ಮ ಅಡಕೆ ಮಾರಾಟವಾಯಿತು’ ಎಂದು ತಿಳಿಸಲು ಒಂದು ಸಂಖ್ಯೆ. ಅದು ಪಕ್ಕದೂರಿನ ಅಂಗಡಿಯದಾದರೂ, ಬೆಂಗಳೂರಿನಲ್ಲಿರುವ ಮಗನದಾದರೂ ನಡೆಯುತ್ತದೆ. ಸಾಲ ವಿಭಾಗಕ್ಕೆ ಬೇಕಿದ್ದದ್ದು ಒಟಿಪಿ ಹೋಗಬೇಕಾದ, ಸದಸ್ಯರ ಸ್ವಂತ ಸಂಖ್ಯೆ. ಇಬ್ಬರಿಗೂ ಇದ್ದದ್ದು ಒಂದೇ ಖಾನೆ, ಅದನ್ನು ಕಡ್ಡಾಯ ಮಾಡಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಲಕ್ಷಗಟ್ಟಲೆ ಕೊಟ್ಟು ಡೇಟಾ ಶುದ್ಧೀಕರಿಸುವ ತಂತ್ರಾಂಶ ತಂದಿದ್ದರೆ ಹತ್ತು ಅಂಕಿಗಳಿವೆ, ಸರಿಯಾಗಿದೆ ಎಂದು ಅದು ಹಸಿರು ಗುರುತು ಹಾಕುತ್ತಿತ್ತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ವ್ಯಕ್ತಿಗೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ಮಾಹಿತಿ ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳುವುದು ಸಂಸ್ಥೆಯ ಹೊಣೆ; ಭದ್ರತಾ ಕ್ರಮಗಳಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ನಿಮ್ಮ ಸಂಸ್ಥೆಗೆ ಯಾವ ಕಲಮು ಹೇಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರಲ್ಲೇ ಕೇಳಿ, ನನ್ನ ಮಾತನ್ನು ಕಾನೂನು ಸಲಹೆಯೆಂದು ತೆಗೆದುಕೊಳ್ಳಬೇಡಿ. ಕಾಯ್ದೆ ಹೊಣೆ ಹೊರಿಸುವುದು ಸಂಸ್ಥೆಯ ಮೇಲೆ. ಅದನ್ನು ಒಳಗೆ ಯಾರಿಗೆ ಹಂಚಬೇಕೆಂಬುದು ಮಾತ್ರ ನಿಮಗೇ ಬಿಟ್ಟದ್ದು.

ಕೊನೆಗೆ ಖಾನೆಗಳು ಎರಡಾದವು. ಸಂಪರ್ಕ ಸಂಖ್ಯೆಗೆ ಖರೀದಿ ವಿಭಾಗದ ಮುಖ್ಯಸ್ಥರು, ಸ್ವಂತ ಸಂಖ್ಯೆಗೆ ಸಾಲ ವಿಭಾಗದ ಮುಖ್ಯಸ್ಥರು ಹೊಣೆಗಾರರೆಂದು ಬರಹದಲ್ಲಿ ಒಪ್ಪಿದರು. ಎರಡನೆಯವರು ‘ಇದೂ ನನ್ನ ತಲೆಗೇ ಬಂತಾ’ ಎಂದು ಗೊಣಗಿಕೊಂಡೇ ಸಹಿ ಹಾಕಿದರು. ‘ಮೊಬೈಲ್ ಇಲ್ಲ’ ಎಂಬ ಆಯ್ಕೆಯೂ ಸೇರಿತು. ಹಲವು ಸದಸ್ಯರಿಗೆ ಒಂದೇ ಸಂಖ್ಯೆ ಇರುವ ಪಟ್ಟಿ ಈಗ ಹೋಗುವುದು ಸಾಲ ವಿಭಾಗಕ್ಕೆ. ಆ ಪಟ್ಟಿಯನ್ನೂ ಕಣ್ಣುಮುಚ್ಚಿ ಅಳಿಸುವಂತಿಲ್ಲ, ಏಕೆಂದರೆ ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ಫೋನಿನಲ್ಲಿ ವ್ಯವಹರಿಸುವುದು ನಮ್ಮಲ್ಲಿ ಇನ್ನೂ ಇದೆ, ಅದನ್ನು ಗುರುತಿಸಬಲ್ಲವರು ಶಾಖೆಯಲ್ಲಿದ್ದಾರೆಯೇ ಹೊರತು ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲ.