ರಿಪೋರ್ಟಿನ ಪದ ಬಿಡಿಸಿದಾಗ

ಎಂಡೋಸ್ಕೋಪಿ ರಿಪೋರ್ಟನ್ನು ಮೇಜಿನ ಮೇಲೆ ಹರಡಿ, ಒಂದು ಪದದ ಮೇಲಿಟ್ಟ ಬೆರಳನ್ನು ಎತ್ತದೆ ಕುಳಿತಿದ್ದರು ಆ ಹೆಂಗಸು. 'ಕ್ರಾನಿಕ್ ಗ್ಯಾಸ್ಟ್ರೈಟಿಸ್' ಎಂದಿತ್ತು. "ಕ್ರಾನಿಕ್ ಎಂದರೆ ಕೈಮೀರಿ ಹೋಗಿದೆ ಎಂದು ತಾನೇ ಡಾಕ್ಟರೇ? ಮಕ್ಕಳಿಗೆ ಇನ್ನೂ ಹೇಳಿಲ್ಲ" ಎಂದರು. ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲವಂತೆ.

ಗ್ರೀಕ್ ಭಾಷೆಯಲ್ಲಿ ಕ್ರೋನೋಸ್ ಎಂದರೆ ಕಾಲ. ಕ್ರಾನಿಕ್ ಎಂದರೆ ಬಹುಕಾಲದಿಂದ ಇರುವುದು, ಅಷ್ಟೇ. ರೋಗ ಎಷ್ಟು ಜೋರಾಗಿದೆ ಎಂಬ ಬಗ್ಗೆ ಆ ಪದ ತುಟಿಪಿಟಕ್ಕೆನ್ನುವುದಿಲ್ಲ. ಅದರ ಜೋಡಿ 'ಅಕ್ಯೂಟ್' ಬಂದದ್ದು ಚೂಪಾದದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಇದ್ದಕ್ಕಿದ್ದಂತೆ ಬಂದೆರಗಿದ್ದಕ್ಕೆ ಆ ಹೆಸರು. ಮೂರು ದಿನದ ನೆಗಡಿ ಅಕ್ಯೂಟ್, ಇಪ್ಪತ್ತು ವರ್ಷದ ತುರಿಕೆ ಕ್ರಾನಿಕ್. ಕನ್ನಡ ಪಠ್ಯಗಳು 'ದೀರ್ಘಕಾಲಿಕ' ಎನ್ನುತ್ತವೆ. ನನ್ನನ್ನು ಕೇಳಿದರೆ 'ಹಳೆಯ' ಎಂದರೆ ಸಾಕು. "ಅಮ್ಮ, ಜಠರದಲ್ಲಿ ಹಳೆಯ ಉರಿಯೂತ ಇದೆ ಎಂದು ಬರೆದಿದ್ದಾರೆ" ಎಂದಾಗ ಆಕೆ, "ಅದು ನನಗೆ ಗೊತ್ತಿದ್ದದ್ದೇ, ಹತ್ತು ವರ್ಷದಿಂದ ಉರಿಯುತ್ತಿದೆ" ಎಂದು ಬೆರಳು ತೆಗೆದರು.

ಪದದ ಉಳಿದರ್ಧ ಇನ್ನೂ ಸರಳ. ಗ್ಯಾಸ್ಟರ್ ಎಂದರೆ ಹೊಟ್ಟೆ. 'ಐಟಿಸ್' ಎಂಬ ಬಾಲಕ್ಕೆ ಮೂಲದಲ್ಲಿ ಇದ್ದದ್ದು 'ಅದಕ್ಕೆ ಸಂಬಂಧಪಟ್ಟ' ಎಂಬ ಸಪ್ಪೆ ಅರ್ಥ. ಆರ್ಥ್ರೈಟಿಸ್ ಎಂದರೆ ಕೀಲಿಗೆ ಸಂಬಂಧಪಟ್ಟ ರೋಗ. 'ಉರಿಯೂತ' ಎಂಬ ಅರ್ಥ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಉರಿಯೂತದ ಲಕ್ಷಣಗಳನ್ನು ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ನಾಲ್ಕು ಪದಗಳಲ್ಲಿ ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ 'ಉರಿಯೂತ'ವನ್ನು ಬಿಡಿಸಿ ನೋಡಿ, ಉರಿ ಮತ್ತು ಊತ, ಎರಡೂ ಅದರಲ್ಲೇ ಕುಳಿತಿವೆ. ಈ ಪದ ಕಟ್ಟಿದವರಿಗೆ ನಾನು ಆಗಾಗ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅಂದ ಹಾಗೆ, ಸೆಲ್ಸಸ್‌ನ ಪಟ್ಟಿಯಲ್ಲಿ ಊತಕ್ಕೆ ಇದ್ದ ಲ್ಯಾಟಿನ್ ಪದ 'ಟ್ಯೂಮರ್'. ಇಂದು ಆ ಪದ ಕಿವಿಗೆ ಬಿದ್ದರೆ ಸಾಕು, ಮುಖ ಬಿಳಿಚಿಕೊಳ್ಳುತ್ತದೆ. ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ ಎಂದು ದಿನವೂ ಯಾರಿಗಾದರೂ ಹೇಳಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬರೆದುಕೊಡುವವರು ಮಾತ್ರ ಬಾಲಗಳನ್ನು ಕಣ್ಣರಳಿಸಿ ಓದಬೇಕು. 'ಎಕ್ಟಮಿ' ಎಂದರೆ ಕತ್ತರಿಸಿ ಹೊರತೆಗೆಯುವುದು, 'ಆಸ್ಟಮಿ' ಎಂದರೆ ಹೊಸದಾಗಿ ಬಾಯಿ ಮಾಡುವುದು. ಸ್ಟೋಮಾ ಎಂದರೆ ಬಾಯಿ. ಕೊಲೆಕ್ಟಮಿಯಲ್ಲಿ ದೊಡ್ಡಕರುಳನ್ನು, ಅಥವಾ ಅದರ ಒಂದು ಭಾಗವನ್ನು, ತೆಗೆಯುತ್ತಾರೆ. ಕೊಲಾಸ್ಟಮಿಯಲ್ಲಿ ಹೊಟ್ಟೆಯ ಮೇಲೆ ದೊಡ್ಡಕರುಳಿಗೊಂದು ಬಾಯಿ ಮಾಡಿ ಮಲ ಅಲ್ಲಿಂದ ಹೊರಬರುವಂತೆ ಮಾಡುತ್ತಾರೆ. ಬರೆಯುವಾಗ ಒಂದೆರಡು ಅಕ್ಷರದ ವ್ಯತ್ಯಾಸ.

ಗ್ರೀಕ್ ಮತ್ತು ಲ್ಯಾಟಿನ್ ಎಂದರೆ ನಮಗೆ ದೂರದ ಭಾಷೆಗಳು ಎಂದುಕೊಳ್ಳುತ್ತೇವೆ. ಆದರೆ ಸಂಸ್ಕೃತ ಅವುಗಳ ಒಡಹುಟ್ಟು, ಸಂಸ್ಕೃತದ ಪದಗಳು ನಮ್ಮ ಮನೆಯಲ್ಲೇ ಬೆಳೆದವು. ಆಸ್ಟಿಯೊಪೊರೋಸಿಸ್‌ನ 'ಆಸ್ಟಿಯೊ' ಮತ್ತು ಅಸ್ಥಿ, ಡೆಂಟಲ್ ಮತ್ತು ದಂತ, ಸ್ಪ್ಲೀನ್ ಮತ್ತು ಪ್ಲೀಹ ಒಂದೇ ಬೇರಿನ ಕೊಂಬೆಗಳು. ಹೆಪಟೈಟಿಸ್‌ನಲ್ಲಿರುವ 'ಹೆಪಾರ್' ಮತ್ತು ನಮ್ಮ ಯಕೃತ್ತು ಒಂದೇ ಬಳಗದವು ಎಂದರೆ ವಿದ್ಯಾರ್ಥಿಗಳು ನಂಬುವುದಿಲ್ಲ. ರೋಗ ಮುಂದೆ ಯಾವ ದಾರಿ ಹಿಡಿದೀತು ಎಂಬ ಅಂದಾಜಿಗೆ 'ಪ್ರೊಗ್ನೋಸಿಸ್' ಎನ್ನುತ್ತೇವೆ. ಅದರ 'ಪ್ರೊ' ನಮ್ಮ 'ಪ್ರ', 'ಗ್ನೋ' ನಮ್ಮ 'ಜ್ಞಾ'. ಹಾಗಾಗಿ ಪ್ರಜ್ಞೆ ತಪ್ಪಿದವನ ಪ್ರೊಗ್ನೋಸಿಸ್ ಹೇಳುವಾಗ ಒಂದೇ ಬೇರಿನ ಪದವನ್ನು ಎರಡು ಸಲ ಆಡಿದಂತಾಗುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಕಣ್ಣಪಾಪೆ. ಟಾರ್ಚ್ ಹಿಡಿದು ರೋಗಿಯ ಕಣ್ಣಿನ ಹತ್ತಿರ ಬಾಗಿದಾಗ, ನಡುವಿನ ಕಪ್ಪು ವೃತ್ತದ ಮೇಲೆ ನನ್ನದೇ ಪ್ರತಿಬಿಂಬ ಕಾಣುತ್ತದೆ: ಬೆರಳುಗುರಿನಷ್ಟೂ ಇಲ್ಲದ ಒಂದು ಗೊಂಬೆ. ಪಾಪೆ ಎಂದರೆ ಗೊಂಬೆ. ಇಂಗ್ಲಿಷಿನ 'ಪ್ಯೂಪಿಲ್' ಲ್ಯಾಟಿನ್ನಿನ 'ಪುಪಿಲ್ಲಾ'ದಿಂದ ಬಂದದ್ದು. ಪುಟ್ಟ ಹುಡುಗಿ, ಪುಟ್ಟ ಗೊಂಬೆ ಎಂದು ಅದರ ಅರ್ಥ. ಗ್ರೀಕರ 'ಕೋರೆ' ಹುಡುಗಿಯೂ ಹೌದು, ಕಣ್ಣಪಾಪೆಯೂ ಹೌದು. ಸಂಸ್ಕೃತದ 'ಕನೀನಿಕಾ' ಕೂಡ ಹಾಗೆಯೇ. ಅಸ್ಥಿ, ದಂತದಂತೆ ಇದನ್ನು ಒಂದೇ ವಂಶದ ಆಸ್ತಿ ಎನ್ನಲು ಬರುವುದಿಲ್ಲ, ಕನ್ನಡ ಆ ವಂಶದ ಭಾಷೆಯೇ ಅಲ್ಲ. ಎದುರಿಗಿದ್ದವರ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದವರಿಗೆಲ್ಲ ಅದೇ ಗೊಂಬೆ ಕಂಡಿತು.

ಸಕ್ಕರೆ ಕಾಯಿಲೆಯದೂ ಇಂಥದೇ ಕಥೆ, ಆದರೆ ಇಲ್ಲಿ ಕೆಲಸ ಮಾಡಿದ್ದು ನಾಲಿಗೆ. 'ಡಯಾಬಿಟಿಸ್' ಎಂದರೆ ದಾಟಿ ಹರಿದುಹೋಗುವುದು; ಕುಡಿದ ನೀರೆಲ್ಲ ಹಾಗೇ ಹೊರಬೀಳುವ ಕಾಯಿಲೆ. ಬಾಲಕ್ಕೆ ಅಂಟಿದ 'ಮೆಲಿಟಸ್' ಎಂದರೆ ಜೇನಿನಂತೆ ಸಿಹಿಯಾದದ್ದು. ಮೂತ್ರದ ಆ ಸಿಹಿಯ ಬಗ್ಗೆ ಇಂಗ್ಲೆಂಡಿನ ಥಾಮಸ್ ವಿಲಿಸ್ 17ನೆಯ ಶತಮಾನದಲ್ಲಿ ಬರೆದ. ಮಧುಮೇಹ ಎಂಬ ಹೆಸರು ಆಯುರ್ವೇದದಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಇತ್ತು. ಇನ್ನೊಂದು ರೋಗವಿದೆ, 'ಡಯಾಬಿಟಿಸ್ ಇನ್ಸಿಪಿಡಸ್'. ಇನ್ಸಿಪಿಡಸ್ ಎಂದರೆ ರುಚಿಯಿಲ್ಲದ್ದು. ರುಚಿಯಿಲ್ಲ ಎಂದು ಗೊತ್ತಾಗಬೇಕಾದರೆ ಯಾರೋ ಒಬ್ಬರು ನೆಕ್ಕಿ ನೋಡಿರಲೇಬೇಕಲ್ಲ! ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ಮೂತ್ರವನ್ನು ಹದದಲ್ಲಿಡುವ ಹಾರ್ಮೋನ್ ಸಾಲದೆ ಬರುತ್ತದೆ, ಇಲ್ಲವೇ ಹಾರ್ಮೋನ್ ಇದ್ದೂ ಮೂತ್ರಪಿಂಡ ಅದಕ್ಕೆ ಓಗೊಡದೆ ಬರುತ್ತದೆ. ಹೆಸರಿನಲ್ಲಿ ಡಯಾಬಿಟಿಸ್ ಇರುವುದರಿಂದ ಸಕ್ಕರೆ ಕಾಯಿಲೆಯೆಂದೇ ತಿಳಿದು, ಕೊಡಲೇಬೇಕಾದ ಔಷಧಿ ತಪ್ಪಿ, ರೋಗಿಗಳಿಗೆ ಅಪಾಯವಾದದ್ದೂ ಉಂಟು. ಅದಕ್ಕಾಗಿಯೇ 2022ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡವೊಂದು ಆ ಹೆಸರನ್ನೇ ಬದಲಿಸಲು ಸಲಹೆ ನೀಡಿತು. ಸರಿಯಾದ ಕೆಲಸ.

ಹೆಸರು ಬದಲಿಸುತ್ತಾ ಹೋದರೆ ಪಟ್ಟಿ ಮುಗಿಯುವುದಿಲ್ಲ ಎಂಬುದೂ ನಿಜ. ಮಲೇರಿಯಾ ಎಂದರೆ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. ತಪ್ಪು ಗಾಳಿಯದಲ್ಲ, ಸೊಳ್ಳೆಯದು ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುಕೊಂಡ ಮೇಲೂ ಹೆಸರು ಜಾಗ ಬಿಡಲಿಲ್ಲ. ನಾವೇನು ಕಡಿಮೆ? ಮಿದುಳಿಗೆ ರಕ್ತ ಹೋಗುವುದು ಕಟ್ಟಿಯೋ ರಕ್ತನಾಳ ಒಡೆದೋ ಅರ್ಧ ಮೈ ಬಿದ್ದುಹೋದರೆ ಇಂದಿಗೂ 'ಪಾರ್ಶ್ವವಾಯು' ಎಂದೇ ಬರೆಯುತ್ತೇವೆ. ಅಲ್ಲಿ ವಾಯುವಿನ ಪಾತ್ರವೇನೂ ಇಲ್ಲ.

ನಮ್ಮ ವೃತ್ತಿಯ ಅತಿ ಜಾಣ ಪದವೆಂದರೆ 'ಇಡಿಯೋಪಥಿಕ್'. ಇಡಿಯೋಸ್ ಎಂದರೆ ಸ್ವಂತ, ಪಾಥೋಸ್ ಎಂದರೆ ನೋವು, ರೋಗ. ತನ್ನಷ್ಟಕ್ಕೆ ತಾನೇ ಹುಟ್ಟಿದ ರೋಗ ಎಂದು ಗಂಭೀರವಾಗಿ ಬರೆಯುತ್ತೇವೆ; ಕಾರಣ ತಿಳಿದಿಲ್ಲ ಎಂಬುದು ಅದರ ತಾತ್ಪರ್ಯ. ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಫೈಲಿನಲ್ಲಿದ್ದ ಆ ಪದವನ್ನು ತೋರಿಸಿ ಬಿಡಿಸಿ ಹೇಳಿ ಎಂದರು. ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೇಳಿದರು: "ಗೊತ್ತಿಲ್ಲ ಎನ್ನುವುದಕ್ಕೂ ಗ್ರೀಕ್ ಬೇಕಾಯಿತೇ ಡಾಕ್ಟರೇ?"