ಪಂಚ್ ಬೋಗುಣಿಯ ಒಳಗೆ ಮೊದಲು ನೋಡಿ

ಪಂಚ್ ಎಂಬ ಮದ್ಯದ ಪಾನೀಯ ಬಡಿಸುತ್ತಿದ್ದ 18ನೇ ಶತಮಾನದ ಇಂಗ್ಲಿಷ್ ಬೋಗುಣಿ ಕಂಡರೆ ಹೆಚ್ಚಿನವರ ಕಣ್ಣು ಹೊರಗಿನ ಹೂಬಳ್ಳಿಯ ಮೇಲೇ ನಿಲ್ಲುತ್ತದೆ. ಬಗ್ಗಿ ಒಳಗೆ ನೋಡಬೇಕು. ಲಿವರ್‌ಪೂಲ್‌ನ ಡೆಲ್ಫ್ಟ್ (ಬಿಳಿ ಲೇಪದ ಮಣ್ಣಿನ) ಬೋಗುಣಿಗಳ ತಳದಲ್ಲಿ ಹಾಯಿ ಬಿಚ್ಚಿದ ಹಡಗು, ಅದರ ಕೆಳಗೆ ಹೆಸರು, ಯಶಸ್ಸಿನ ಹಾರೈಕೆ ಇರುತ್ತವೆ. ಪಾತ್ರೆ ತುಂಬಿದ್ದಾಗ ಹಡಗು ಮುಳುಗಿರುತ್ತದೆ. ಸೌಟು ಓಡಾಡಿದಂತೆ ಮೇಲೆ ಬರುತ್ತದೆ. ಅದು ಕುಡಿಯುವವರಿಗೆಂದೇ ಬಿಡಿಸಿದ ಚಿತ್ರ.

ಸಾರಾಯಿ, ನಿಂಬೆ, ಸಕ್ಕರೆ, ನೀರು, ಮಸಾಲೆ ಸೇರಿದರೆ ಪಂಚ್. 'ಐದು' ಎಂಬ ಅರ್ಥದ ಹಿಂದಿ ಪದದಿಂದಲೇ ಹೆಸರು ಬಂತೆಂಬುದು ಪ್ರಚಲಿತ ಅಭಿಪ್ರಾಯ. ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ 1632ರ ಪತ್ರದಲ್ಲಿ ಈ ಹೆಸರು ಸಿಗುತ್ತದೆ. ಸಾರಾಯಿ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ನಮ್ಮ ಪಾನಕವೇ. ಮಾಡುವಾಗ ಸಕ್ಕರೆ ಗಟ್ಟಿಯನ್ನು ನಿಂಬೆಸಿಪ್ಪೆಗೆ ಉಜ್ಜಿ ಎಣ್ಣೆ ಹೀರಿಸಬೇಕು. ಸಿಪ್ಪೆಯೊಳಗಿನ ಬಿಳಿ ಭಾಗ ತಾಗಿದರೆ ಕಹಿ. ಆಮೇಲೆ ನಿಂಬೆರಸ, ಸ್ವಲ್ಪ ಬಿಸಿನೀರು ಹಾಕಿ ಪೂರ್ತಿ ಕರಗಿಸಿ, ಅದಾದ ಮೇಲೆ ಮದ್ಯ. ಮದ್ಯ ಮೊದಲು ಸುರಿದರೆ ಸಕ್ಕರೆ ತಳದಲ್ಲೇ ಕೂರುತ್ತದೆ. ಕೊನೆಗೆ ಉಳಿದ ನೀರು, ಮೇಲೆ ತುರಿದ ಜಾಯಿಕಾಯಿ. ಕೆರಿಬಿಯನ್ ದ್ವೀಪಗಳ ಅಳತೆ ಹೀಗೆ: ಹುಳಿ 1, ಸಿಹಿ 2, ಮದ್ಯ 3, ನೀರು 4 ಪಾಲು.

ಆ ಸಕ್ಕರೆಯೂ ರಮ್ಮೂ ಗುಲಾಮರ ದುಡಿಮೆಯಿಂದ ಬಂದವು. ಆಫ್ರಿಕಾ ವ್ಯಾಪಾರಕ್ಕೆ, ಅಂದರೆ ಗುಲಾಮರ ವ್ಯಾಪಾರಕ್ಕೆ, ಯಶಸ್ಸು ಕೋರುವ ಬೋಗುಣಿಗಳೂ ಲಿವರ್‌ಪೂಲ್‌ನಲ್ಲಿ ತಯಾರಾದವು. ವಸ್ತುಸಂಗ್ರಹಾಲಯದ ಫಲಕದಲ್ಲಿ ಇದನ್ನು ಬಿಟ್ಟು ಬಣ್ಣದ ಸೊಗಸನ್ನಷ್ಟೇ ಹೇಳುವುದು ತಪ್ಪು.

ಡೆಲ್ಫ್ಟ್ ಎಂದರೆ ಮೆತ್ತನೆ ಮಣ್ಣು. ಒಮ್ಮೆ ಸುಟ್ಟು, ತವರದ ಆಕ್ಸೈಡ್ ಬೆರೆತ ಸೀಸದ ಗ್ಲೇಜ್‌ನಲ್ಲಿ (ಸುಟ್ಟಾಗ ಗಾಜಿನಂತಾಗುವ ಲೇಪ) ಅದ್ದಿ, ಒಣಗಿದ ಪುಡಿಪದರದ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಬರೆದು ಮತ್ತೆ ಸುಡುತ್ತಾರೆ. ಕುಂಚ ತಾಗಿದ ಕೂಡಲೇ ಗ್ಲೇಜ್ ಬಣ್ಣ ಹೀರುವುದರಿಂದ ಗೆರೆ ತಿದ್ದಲಾಗದು. ಹಗ್ಗ-ಹಾಯಿಗಳ ಗೆರೆಗಳಲ್ಲಿ ಆ ಅವಸರ ಕಾಣುತ್ತದೆ, ಅದೇ ಅವುಗಳ ಜೀವ. ಗ್ಲೇಜ್ ಒಳಮಣ್ಣಿಗೆ ಗಟ್ಟಿಯಾಗಿ ಅಂಟದ ಕಡೆ, ಅಂಚಿನಲ್ಲಿ ಮೊದಲು, ಚಕ್ಕೆ ಏಳುತ್ತದೆ. ಜಿಂಗ್‌ಡೆಜೆನ್‌ನಲ್ಲಿ ಸುಟ್ಟು ಗ್ವಾಂಗ್‌ಝೌನಲ್ಲಿ ಬಣ್ಣ ಬರೆಸಿಕೊಂಡ ಚೀನಾ ಪಿಂಗಾಣಿ ಬಿಸಿ ಪಂಚ್ ತಡೆಯುತ್ತಿತ್ತು, ಆದರೆ ಮೇಲಿನ ಚಿನ್ನದ ಲೇಪ ಸವೆಯುತ್ತಿತ್ತು.

ಬೋಗುಣಿ ಅಸಲಿಯೇ ಎಂದು ನೋಡುವಾಗ ಗೀರು ಗಮನಿಸಿ: ನಿಜವಾದ ಬಳಕೆಯ ಗೀರುಗಳು ತಳದಲ್ಲಿ ದಟ್ಟ, ದಿಕ್ಕಿಲ್ಲದವು, ಕೊಳೆ ಹಿಡಿದವು. ಎಲ್ಲ ಗೀರೂ ಒಂದೇ ಆಳ, ಒಂದೇ ದಿಕ್ಕಿನಲ್ಲಿದ್ದರೆ ಅನುಮಾನಿಸಿ. ಹಳೆಯ ರಿಪೇರಿ ಮುಚ್ಚಿದ ಬಣ್ಣ ಅತಿನೇರಳೆ ದೀಪದಡಿ ಬೇರೆಯಾಗಿ ಹೊಳೆಯುತ್ತದೆ. ಎತ್ತುವಾಗ ಅಂಚು ಹಿಡಿಯಬೇಡಿ. ಉಂಗುರ ತೆಗೆದಿಟ್ಟು ಎರಡೂ ಕೈ ತಳಕ್ಕೆ ಕೊಡಿ. ಹಳೆಯ ಡೆಲ್ಫ್ಟ್‌ನಲ್ಲಿ ನಿಂಬೆಪಾನಕ ಬಡಿಸುವುದಂತೂ ಬೇಡವೇ ಬೇಡ: ಹುಳಿ ಗ್ಲೇಜ್‌ನ ಸೀಸವನ್ನು ಕರಗಿಸಿ ಲೋಟಕ್ಕೆ ತರುತ್ತದೆ.